ಮಟ್ಟದ ಕಲ್ಲೂ ಇಳಿದಿತ್ತು

ಮದರಾಸಿನ ಹೊರಗೆ ಪಲ್ಲಾವರಂ ಕೆರೆಯ ಪಕ್ಕ ಮಣ್ಣಿನ ಏರಿಯ ಮೇಲೆ ಹೋಗುವ ರಸ್ತೆಯೊಂದಕ್ಕೆ ನಾನು ಓವರ್‌ಸಿಯರ್ ಆಗಿದ್ದೆ. ಐವತ್ತರ ದಶಕದ ಕೊನೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಏರಿ ಕುಸಿಯುತ್ತಿದೆ, ಮೋರಿ ಹತ್ತುವಾಗ ಬಸ್ಸು ಎತ್ತಿಹಾಕುತ್ತದೆ ಎಂದು ಡ್ರೈವರುಗಳು ದೂರುತ್ತಿದ್ದರು. ನಾನು ತಿಂಗಳಿಗೊಮ್ಮೆ ಅಳೆದು ಬರೆಯುತ್ತಿದ್ದ ಮಟ್ಟ ಮಾತ್ರ ಎರಡು ವರ್ಷದಲ್ಲಿ ಕಾಲಂಗುಲವೂ ಇಳಿದಿರಲಿಲ್ಲ. ಬಸ್ಸು ಓಡಿಸಲು ಬಾರದವರ ಮಾತು ಇದು ಎಂದು ಎಲ್ಲರೆದುರೇ ಅಂದುಬಿಟ್ಟಿದ್ದೆ. ನನ್ನ ಬಾಯಿ ಆಗಿನಿಂದಲೂ ಅಷ್ಟೇ.

ನಿಯಮದಂತೆ ದೂರದ ಗುಡ್ಡದ ಅಲುಗದ ಬಂಡೆಯ ಗುರುತಿನಿಂದ ರಸ್ತೆಯವರೆಗೆ ಅಳೆಯುತ್ತಾ ಮಟ್ಟ ತರಬೇಕು. ಆ ಬಿಸಿಲಿನಲ್ಲಿ ಅದು ಅರ್ಧ ದಿನದ ಪಾಡು. ಹಾಗಾಗಿ ಒಮ್ಮೆ ಮಾತ್ರ ತಂದು, ಮೋರಿಯ ಪಕ್ಕ ಏರಿಯ ಮೇಲೆಯೇ ಒಂದು ಕಲ್ಲು ನೆಟ್ಟು, ಆಮೇಲೆ ಅದರಿಂದಲೇ ಅಳೆಯುತ್ತಿದ್ದೆ.

ಗುಂಡಿ ಮುಚ್ಚಲು ಜಲ್ಲಿ ಹೊರುತ್ತಿದ್ದ ಹೆಂಗಸೊಬ್ಬಳು ಒಂದು ದಿನ ಬುಟ್ಟಿಯನ್ನು ಮೋರಿಯ ಗೋಡೆಗೂ ಆ ಕಲ್ಲಿಗೂ ಅಡ್ಡಲಾಗಿ ಇಟ್ಟಳು. ಗದರಿದೆ. ಅವಳು ತಮಿಳಿನಲ್ಲಿ ಅಷ್ಟೇ ಜೋರಾಗಿ ಹೇಳಿದಳು: ಮೊದಲು ಇಲ್ಲಿ ಬುಟ್ಟಿ ನೆಟ್ಟಗೆ ಕೂರುತ್ತಿತ್ತು, ಈಗ ನಿಮ್ಮ ಕಲ್ಲಿನ ಕಡೆಗೆ ವಾಲುತ್ತದೆ, ನೋಡಿ.

ನೋಡಿದೆ. ಮೋರಿಗೆ ಆಳದ ಅಡಿಪಾಯವಿತ್ತು, ಅದು ಇಳಿಯುವಂಥದ್ದಲ್ಲ; ಇಳಿದಿದ್ದರೆ ನನ್ನ ಕಲ್ಲೇ ಇಳಿದಿರಬೇಕು. ಆಗಲೇ ಗುಡ್ಡಕ್ಕೆ ಹೋಗಿ ಬಂಡೆಯಿಂದ ಮಟ್ಟ ತಂದೆ. ಕಲ್ಲು ಐದು ಅಂಗುಲ ಇಳಿದಿತ್ತು, ರಸ್ತೆಯೂ ಅಷ್ಟೇ. ಎರಡೂ ಜೊತೆಯಾಗಿ ಇಳಿಯುತ್ತಿರುವಾಗ ನಾನು ಒಂದರಿಂದ ಇನ್ನೊಂದನ್ನು ಅಳೆದು ಎಲ್ಲ ಸರಿಯಿದೆ ಎಂದು ಬರೆದಿದ್ದೆ. ಡ್ರೈವರುಗಳಿಗೆ ಅಂದ ಮಾತು ನೆನಪಾಗಿ ನಾಚಿಕೆಯಾಯಿತು.

ನಮ್ಮ ಎಂಜಿನಿಯರು ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡ ಮನೆತನದವರು. ನಡೆದದ್ದನ್ನು ಅವರಿಗೆ ಹೇಳಿದೆ. “ಇದನ್ನ ಬರೆದ್ರೆ ನಿಮ್ಮ ಕನ್ಫರ್ಮೇಷನ್ ಅವ್ವಳವುದಾನ್ ರೀ. ಈ ತಿಂಗಳು ಇಳೀತು ಅಂತ ಬರೀರಿ, ಪೋದುಂ” ಎಂದರು. ನಿಜ ಬರೆದರೆ ಖಾಯಂ ಆಗುವುದು ಅಲ್ಲಿಗೇ ಮುಗಿಯಿತು, ಈ ತಿಂಗಳದ್ದಷ್ಟು ಸಾಕು ಎಂದು ಅವರ ಅರ್ಥ.

“ಹಾಗೆ ಬರೆದ್ರೆ ಮೇಲಿಂದ ಮಣ್ಣು ಸುರೀಲಿಕ್ಕೆ ಹೇಳ್ತಾರೆ ಸಾರ್. ಆ ಭಾರಕ್ಕೆ ಮತ್ತೂ ಇಳೀತದೆ. ಎರಡು ವರ್ಷದಿಂದ ಇಳೀತಾ ಉಂಟು ಅಂದ್ರೆ ಮಾತ್ರ ಬುಡ ಅಗೀಲಿಕ್ಕೆ ಬಿಡ್ತಾರೆ.”

ನನ್ನ ಅಳತೆಗಳೆಲ್ಲ ತಪ್ಪು, ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಿದೆ. ಅಪ್ಪಣೆ ಬಂತು. ಬಸ್ಸು ನಿಲ್ಲದಂತೆ ಅರ್ಧರ್ಧ ರಸ್ತೆ ಅಗೆದೆವು. ಅಡಿಯ ಕಪ್ಪು ಕೆಸರನ್ನೆಲ್ಲ ತೆಗೆದು ಮರಳು ತುಂಬಿದೆವು. ಅದರ ಮೇಲೆ ತೆಳುವಾಗಿ ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಮತ್ತೆ ಮಣ್ಣು. ಒಂದು ಪದರ ಸಡಿಲ ಕಂಡರೂ ಕಿತ್ತು ಹಾಕಿಸಿದೆ. ಮೇಸ್ತ್ರಿ ನನಗೆ ಶಾಪ ಹಾಕಿದ, ಹಾಕಲಿ ಎಂದುಕೊಂಡೆ. ದೀಪಾವಳಿಯ ಮಳೆಗೆ ಮುಂಚೆ ಮುಗಿಸಲೇಬೇಕಿತ್ತು, ಮುಗಿಸಿದೆವು.

ಮಳೆಗಾಲ ಕಳೆದ ಮೇಲೆ ಗುಡ್ಡದಿಂದ ಮಟ್ಟ ತಂದು, ನಂಬಿಕೆಯಾಗದೆ ಮರುದಿನ ಇನ್ನೊಮ್ಮೆ ತಂದು, ಆಫೀಸಿಗೆ ಹೋದೆ. ಎಂಜಿನಿಯರು ಮುಖ ಎತ್ತಲಿಲ್ಲ.

“ಖಾಯಂ ಆದವರ ಲಿಸ್ಟ್ ಬಂದಿದೆ. ನೀವಿಲ್ಲ.”

“ಏರಿ ನಿಂತಿದೆ ಸಾರ್” ಎಂದೆ. ಎರಡು ದಿನದ ಅಳತೆಯನ್ನೂ ಅವರ ಮುಂದಿಟ್ಟೆ, ಕಾಲಂಗುಲವೂ ಇಳಿದಿರಲಿಲ್ಲ.