ಎರಡು ಸಲ ಬಂದೆ

ಪಾಪಿನಾಯಕನಹಳ್ಳಿಯ ಅನ್ನಪೂರ್ಣಳಿಗೆ ಕೂತಲ್ಲೇ ಕನಸು ಕಾಣುವ ಚಾಳಿ. ಕೆಂಪು ಅದಿರಿಗೆ ಚಿನ್ನದ ಬೆಲೆ ಬಂದು ಸಂಡೂರು ಗುಡ್ಡದಲ್ಲಿ ಎಲ್ಲರೂ ಎದ್ದುಬಿದ್ದು ಓಡುತ್ತಿದ್ದ ಆ ವರ್ಷಗಳಲ್ಲಿ, ನಮ್ಮ ಕ್ರಷರ್ ಆಫೀಸಿನಲ್ಲಿ ನಿಧಾನವಾಗಿದ್ದವಳು ಅವಳೊಬ್ಬಳೇ. ಪಕ್ಕದ ಟೇಬಲ್ಲಿನ ನಾನು ಎಷ್ಟೋ ಸಲ ರೇಗಿದ್ದೇನೆ. ಅವಳ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಬರೀ ಕರಿ ಪರದೆ, ಬಿಳಿ ಅಕ್ಷರ. ಅದನ್ನೇ ನೋಡುತ್ತ, "ಡ್ಯಾಮಿನ ಹಿನ್ನೀರು ಮುಂಜಾನಿ ಹಿಂಗ ಕಾಣ್ತೈತ್ರಿ" ಎನ್ನುತ್ತಿದ್ದಳು.

ಆ ಪರದೆಯಲ್ಲೇ ಅವಳೊಂದು ಪ್ರೋಗ್ರಾಂ ಬರೆದಿದ್ದಳು. ‘ಯಾರು’ ಎಂದು ಟೈಪ್ ಮಾಡಿದರೆ ಡ್ಯೂಟಿಯಲ್ಲಿರುವ ಮೆಕ್ಯಾನಿಕ್ಕಿನ ಹೆಸರು ತೋರಿಸುತ್ತಿತ್ತು. ಅದಿರು ಸಾಗಿಸುವ ಬೆಲ್ಟ್ ನಿಂತರೆ ಅವನ ಮೊಬೈಲಿಗೆ ಮೇಲಿಂದ ಮೇಲೆ ಮೆಸೇಜು ಕಳಿಸುತ್ತಿತ್ತು. ಅವನು ಇಂಗ್ಲಿಷ್ ಅಕ್ಷರದಲ್ಲಿ ‘bande’, ಅಂದರೆ ‘ಬಂದೆ’, ಎಂದು ಉತ್ತರಿಸಿದ ಮೇಲೆಯೇ ಸುಮ್ಮನಾಗುತ್ತಿತ್ತು.

"ನನ್ನ ಹೇಂತಿಗಿಂತ ನಿನ್ನ ಮಷಿನ್ನೇ ಜಾಸ್ತಿ ಕರೀತೈತವ್ವ" ಎಂದು ಮೆಕ್ಯಾನಿಕ್ ಜಡೆಪ್ಪ ಗೊಣಗುತ್ತಿದ್ದ.

ಒಂದು ಮಧ್ಯಾಹ್ನ ಬೆಲ್ಟ್ ನಿಂತಿತು. ಹೊರಗೆ ಕೆಂಪು ಧೂಳಿನಲ್ಲಿ ಬಿಸಿಲು ಕರಗಿ, ಗುಡ್ಡ ಇದೆಯೋ ಇಲ್ಲವೋ ಎಂಬಂತಿತ್ತು. ಸದ್ದಡಗಿದ ಆ ಹೊತ್ತಿಗೆ ನನಗೂ ಕಣ್ಣೆಳೆಯಿತು. ಪರದೆಯ ಮೇಲೆ ಜಡೆಪ್ಪನ ‘bande’ ಮೂಡಿತು.

ಸೂಪರ್‌ವೈಸರ್ ಸ್ವಲ್ಪ ಹೊತ್ತಿಗೆ ಇಣುಕಿದ. ಮನುಷ್ಯರಿಗಿಂತ ಲಾರಿಗಳ ಚಿಂತೆಯೇ ಜಾಸ್ತಿ ಆ ಪುಣ್ಯಾತ್ಮನಿಗೆ. "ಜಡೆಪ್ಪ ಬಂದಾನಲ್ಲ? ಇಷ್ಟೊತ್ತಿಗೆ ರಿಪೇರಿ ಆಗಿರ್ತೈತಿ. ಲಾರಿ ಭಾಳ ನಿಂತಾವು. ಜಲ್ದಿ ಚಾಲೂ ಮಾಡಿಸ್ತೀನಿ" ಎಂದು ಸ್ವಿಚ್ಚಿನ ಕೋಣೆಯತ್ತ ಹೊರಟ.

ಅಷ್ಟರಲ್ಲಿ ಇನ್ನೊಂದು ‘bande’ ಬಂತು. ಪ್ರೋಗ್ರಾಂ ಅದನ್ನೂ ಬರೆದುಕೊಂಡು ತೆಪ್ಪಗಾಯಿತು. ಅನ್ನಪೂರ್ಣ ಮಾತ್ರ ನಿದ್ದೆಯಿಂದ ಎದ್ದವಳಂತೆ ಕಣ್ಣು ಪಿಳುಕಿಸಿದಳು.

"ಒಮ್ಮೆ ಬಂದಾಂವ ಮತ್ತ್ಯಾಕ ಬರ್ತಾನ?" ತುಟಿಯಲ್ಲೇ ಓದಿಕೊಂಡಳು. "ಬಂದೆ... ಬಂದೆ... ಬಂಡೆ!"

ಮರುಕ್ಷಣ ಕುರ್ಚಿ ಉರುಳಿತು. "ಚಾಲೂ ಮಾಡಬ್ಯಾಡ್ರೀ!" ಎಂದು ಕೂಗುತ್ತ ಆ ನಿಧಾನದ ಹುಡುಗಿ ಓಡಿದ ಓಟಕ್ಕೆ ನಾನೂ ಎದ್ದು ಹಿಂದೆಯೇ ಓಡಿದೆ. ಸ್ವಿಚ್ಚಿಗೆ ಹೋಗಿದ್ದ ಸೂಪರ್‌ವೈಸರನ ಕೈಯನ್ನೇ ಹಿಡಿದೆಳೆದಳು.

ಅದಿರು ಪುಡಿಮಾಡುವ ಕ್ರಷರಿನ ಬಾಯೊಳಗೆ ಜಡೆಪ್ಪ ಬಿದ್ದಿದ್ದ. ಸಿಕ್ಕಿಕೊಂಡ ಬಂಡೆಯನ್ನು ನೋಡಲು ಇಳಿದವನ ಕಾಲ ಮೇಲೆಯೇ ಅದು ಜಾರಿತ್ತು. ಆ ಗುಂಡಿಯಲ್ಲಿ ಫೋನು ಹತ್ತುತ್ತಿರಲಿಲ್ಲ, ಮೆಸೇಜು ಮಾತ್ರ ಹೋಗುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ‘ದ’ವೂ ಒಂದೇ, ‘ಡ’ವೂ ಒಂದೇ. ಬೆಲ್ಟಿನ ಜೊತೆ ಕ್ರಷರೂ ಚಾಲೂ ಆಗಿದ್ದರೆ ಅವನು ನಮಗೆ ದಕ್ಕುತ್ತಿರಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ, ಪ್ಲಾಸ್ಟರ್ ಹಾಕಿದ ಅವನ ಕಾಲಿನ ಪಕ್ಕ ಕೂತು ಅನ್ನಪೂರ್ಣ ಅತ್ತುಬಿಟ್ಟಳು.

"ನನ್ನ ಮಷಿನ್ ನಿಮ್ಮನ್ನ ಕೊಲ್ತಿತ್ತಣ್ಣ. ಅದು ಸುಮ್ಮನಾಗಿತ್ತು. ಒಮ್ಮೆ ಉತ್ತರ ಬಂದ್ರ ಅದು ಮತ್ತ ಕೇಳಂಗಿಲ್ಲಂತ ಗೊತ್ತಿದ್ದೂ ಎರಡನೇದು ಯಾಕ ಕಳಿಸಿದ್ರಿ?"

ಜಡೆಪ್ಪ ಅವಳ ತಲೆ ಸವರಿದ. "ಮೊದಲನೇದು ಮಷಿನ್ ಓದ್ತು. ಎರಡನೇದು ನೀ ಓದ್ತಿ ಅಂತ ಗೊತ್ತಿತ್ತವ್ವ."