ದೊಡ್ಡವ್ವನ ಹೂಂ ಮತ್ತು ಒಂದು ಸೀರಿಯಲ್ ಕೇಬಲ್

ಮನಗೂಳಿಯ ನಮ್ಮ ದೊಡ್ಡವ್ವನ ಅಂಗಳದಲ್ಲಿ ಒಂದು ಬೆಳಿಗ್ಗೆ ಎಮ್ಮೆ ನಿಂತಿತ್ತು.

ಅದು ಅವರ ಎಮ್ಮೆಯಲ್ಲ. ಅವರ ಮನೆಯಲ್ಲಿ ಎಮ್ಮೆಯೇ ಇಲ್ಲ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಗಂಗವ್ವ. ಅವಳ ಸೊಸೆ ಮಹಾದೇವಿ ಬಾಗಿಲು ತೆಗೆದವಳು ಕಸಬರಿಗೆ ಹಿಡಿದುಕೊಂಡೇ ನಿಂತುಬಿಟ್ಟಳಂತೆ. ಎಮ್ಮೆ ಆಗಲೇ ಅವಳ ಮಲ್ಲಿಗೆ ಬಳ್ಳಿಯ ಅರ್ಧ ಮುಗಿಸಿ ಉಳಿದರ್ಧದ ಬಗ್ಗೆ ವಿಚಾರ ಮಾಡುತ್ತಿತ್ತು.

ಪಕ್ಕದ ಮನೆಯ ಸಿದ್ದಪ್ಪನಿಗೆ ಫೋನ್ ಹೋಯಿತು. ಅವನು ಮುದ್ದೇಬಿಹಾಳದ ತಂಗಿಯ ಮನೆಯಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದ.

“ಅಲ್ರೀ ಅಕ್ಕಾರ, ನಿನ್ನಿ ಸಂಜೀಕ ನಿಮ್ಮ ಅತ್ತಿಯಾರಿಗಿ ಕೇಳೇನಲ್ರಿ! ನಾವು ಊರಿಗಿ ಹೊಂಟೇವಿ, ಬರೂತನಾ ಎಮ್ಮಿ ನಿಮ್ಮಲ್ಲಿ ಕಟ್ಟಲೇನು ಅಂದೆ. ಹೂಂ ಅಂದ್ರು. ಮೇವೂ ನೀವ ಹಾಕ್ತೀರೇನು ಅಂದೆ. ಅದಕ್ಕೂ ಹೂಂ ಅಂದ್ರು. ಎಂಥಾ ದೊಡ್ಡ ಮನಸ್ಸು ಅಂತ ಬಸ್ಸಿನ್ಯಾಗ ನನ್ ಹೆಂಡ್ತಿ ಮುಂದ ಹೇಳ್ಕೋತ ಬಂದೇನಿ!”

ಮಹಾದೇವಿ ಈ ಕಥೆಯನ್ನು ಸಿಂದಗಿಯಲ್ಲಿದ್ದ ನನಗೆ ಫೋನಿನಲ್ಲಿ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. “ಅತ್ತಿಯಾರಿಗಿ ಏನೂ ಕೇಳಸ್ವಲ್ದು ಅಂತ ನನಗನಸ್ತೈತ್ರಿ” ಅಂದಳು. ನನ್ನ ನಗು ಅಲ್ಲಿಗೆ ನಿಂತಿತು.

ಏಕೆಂದರೆ ನಮ್ಮ ಕಡೆ ಹೂಂ ಎನ್ನುವುದು ಬರೀ ಶಬ್ದವಲ್ಲ, ಮರ್ಯಾದೆ. ಒಬ್ಬರು ಹೇಳುತ್ತಿದ್ದರೆ ಇನ್ನೊಬ್ಬರು ಹೂಂಗುಟ್ಟಲೇಬೇಕು. ಇಲ್ಲವಾದರೆ ಹೇಳುವವರ ಮಾತೇ ಮುಂದೆ ಸಾಗುವುದಿಲ್ಲ. ನಂಬಿಕೆ ಇಲ್ಲವೇ? ಇಂಡಿಯಲ್ಲೋ ಸಿಂದಗಿಯಲ್ಲೋ ಇರುವ ನಿಮ್ಮ ನೆಂಟರೊಬ್ಬರಿಗೆ ಫೋನ್ ಮಾಡಿ, ಅವರು ಮಾತಾಡುವಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ನೋಡಿ. “ಹಲೋ? ಹಲೋ? ಅದಿಯೋ ಇಲ್ಲೋ?” ಎಂದು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಾರೆ. (ನಮ್ಮ ಕಡೆಯವರ ಮೆಲುದನಿಯೇ ದಕ್ಷಿಣದವರಿಗೆ ಜಗಳದ ಹಾಗೆ ಕೇಳುತ್ತದೆ. ಕೂಗಿದರೆ ಹೇಗಿರುತ್ತದೆ, ನೀವೇ ಊಹಿಸಿ.)

ದೊಡ್ಡವ್ವ ಹೂಂಗುಟ್ಟುವುದರಲ್ಲಿ ಪಳಗಿದ ಕೈ. ಎಲ್ಲಿ ಹೂಂ, ಎಲ್ಲಿ ಹೌದೌದು, ಎಲ್ಲಿ “ಹಂಗಂತೀ?” ಎಂದು ಹುಬ್ಬೇರಿಸಬೇಕು ಎಲ್ಲಾ ಕರಾರುವಾಕ್ಕು. ಎದುರಿನವರ ಮುಖ ನೋಡಿಕೊಂಡೇ ಅವಳು ಇಡೀ ಸಂಸಾರ ತೂಗಿಸುತ್ತಿದ್ದಳು. ಕಿವಿ ಸ್ವಲ್ಪ ಮಂದ ಎಂದು ನಮಗೆ ಗೊತ್ತಿತ್ತು. ಅದಕ್ಕೆಂದೇ ಅವಳ ಮಗ ಎಲ್ಲಿಗೋ ಕರೆದೊಯ್ದು ಒಂದು ಕಿವಿಯ ಮಷಿನ್ ಕೊಡಿಸಿದ್ದ. ಕೊಟ್ಟವರು “ಕೇಳಸ್ತೈತ್ರಿ?” ಎಂದಿದ್ದರು. ದೊಡ್ಡವ್ವ ಹೂಂ ಎಂದಿದ್ದಳು. ಕೆಲಸ ಮುಗಿದಿತ್ತು. ಮಷಿನ್ ಮನೆಗೆ ಬಂದ ವಾರದಲ್ಲೇ ಅಡುಗೆಮನೆಯ ಸಾಸಿವೆ ಡಬ್ಬಿ ಸೇರಿತ್ತು.

ಎಮ್ಮೆಯಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವೋ ಏನೋ. ಆದರೆ ಸಾಲೋಟಗಿಯಲ್ಲಿ ದೊಡ್ಡವ್ವನ ಮಗಳ ಮಗಳ ಮದುವೆ ನಿಶ್ಚಯವಾಗಿತ್ತು. ದೊಡ್ಡವ್ವ ಸೋಬಾನ ಪದ ಹಾಡುವವಳು. ಅವಳಿಲ್ಲದೆ ನಮ್ಮ ಬಳಗದಲ್ಲಿ ಅರಿಶಿಣ ಹಚ್ಚಿದ್ದೇ ಇಲ್ಲ. ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂರುತ್ತಾರೆ. ಈ ಸಾಲಿನವರು ಒಂದು ನುಡಿ ಹಾಡಿ ಮುಗಿಸಿದ ಮೇಲೆ ಆ ಸಾಲಿನವರು ಎತ್ತಿಕೊಳ್ಳಬೇಕು. ಹಿಂದಿನ ಮದುವೆಯಲ್ಲಿ ದೊಡ್ಡವ್ವ ಎದುರಿನವರು ಮುಗಿಸುವ ಮೊದಲೇ ತನ್ನ ನುಡಿ ಎತ್ತಿಬಿಟ್ಟಿದ್ದಳು. ಒಮ್ಮೆಯಲ್ಲ, ಮತ್ತೆ ಮತ್ತೆ. ಯಾರೋ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಅದು ಕಿವಿಗೆ ಕೇಳಿಸಲಿಲ್ಲ, ಕಣ್ಣಿಗೆ ಕಂಡಿತು. ದೊಡ್ಡವ್ವ ಅವತ್ತಿನಿಂದ ಹಾಡಿಗೆ ಬಾಯಿ ತೆರೆದಿರಲಿಲ್ಲ.

ಸರಿ, ಸಾಸಿವೆ ಡಬ್ಬಿಯಿಂದ ಮಷಿನ್ ತೆಗೆದು, ಒರೆಸಿ, ದೊಡ್ಡವ್ವನನ್ನೂ ಮಹಾದೇವಿಯನ್ನೂ ಕರೆದುಕೊಂಡು ಬಸವನ ಬಾಗೇವಾಡಿಗೆ ಹೋದೆ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಒಂದು ಸಣ್ಣ ಕ್ಲಿನಿಕ್ ಇದೆ. ನೋಡಿಕೊಳ್ಳುವವಳು ರೇಣುಕಾ. ಮುದ್ದೇಬಿಹಾಳದ ಕಡೆಯವಳು, ಇದನ್ನೇ ಓದಿದವಳು, ಮಾತು ಕಡ್ಡಿ ಮುರಿದ ಹಾಗೆ.

ಅವಳ ಟೇಬಲ್ಲಿನ ಮೇಲೊಂದು ಹಳೇ ಕಂಪ್ಯೂಟರು. ಪಕ್ಕದಲ್ಲೊಂದು ಪುಟ್ಟ ಪೆಟ್ಟಿಗೆ. ಎರಡರ ನಡುವೆ ದಪ್ಪನೆಯ ಬೂದುಬಣ್ಣದ ಕೇಬಲ್, ಅದರ ಮೂತಿಯ ಎರಡೂ ಕಡೆ ಸ್ಕ್ರೂ. ಪೆಟ್ಟಿಗೆಯಿಂದ ದಾರದಷ್ಟು ಸಪೂರ ತಂತಿಯೊಂದು ದೊಡ್ಡವ್ವನ ಕಿವಿಯ ಹಿಂದಿನ ಮಷಿನ್ನಿಗೆ.

“ಈಗ ಎಲ್ಲಾ ವೈರ್‌ಲೆಸ್ ಅಲ್ವೇನ್ರಿ?” ಎಂದೆ, ನನಗೂ ಸ್ವಲ್ಪ ಗೊತ್ತು ಎಂದು ತೋರಿಸಬೇಕಲ್ಲ.

“ಬಂದಾವ್ರಿ. ನಂಗ ಇದ ಬರೋಬ್ಬರಿ ಅನಸ್ತೈತಿ. ಸೀರಿಯಲ್ ಕೇಬಲ್. ಹೊಸಾ ಲ್ಯಾಪ್‌ಟಾಪಿಗಿ ಇದನ್ನ ಹಚ್ಚೋ ಜಾಗಾನ ಇರಂಗಿಲ್ಲ. ಅದಕ್ಕ ಈ ಮುದಿ ಕಂಪ್ಯೂಟರ್ ಇಟಗೊಂಡೇನಿ.”

(ಸೀರಿಯಲ್ ಎಂದರೆ ಟಿವಿಯದಲ್ಲ. ನೀವು ನಗಬೇಡಿ, ಮಹಾದೇವಿ ಮೊದಲು ಕೇಳಿದ್ದು ಅದನ್ನೇ.)

ರೇಣುಕಾ ಒಂದು ಬಟನ್ ಒತ್ತಿದಳು. ಪರದೆಯ ಮೇಲೆ ಗೆರೆಗಳು ಮೂಡಿದವು. ಕಂಪ್ಯೂಟರ್ ಮಷಿನ್ನಿಗೆ ಮೊದಲು “ನೀನು ಯಾರು” ಎಂದು ಕೇಳಿತಂತೆ. ಮಷಿನ್ ತನ್ನ ಕುಲಗೋತ್ರ ಹೇಳಿತಂತೆ. ಆಮೇಲೆ “ನಿನ್ನೊಳಗೆ ಈಗ ಏನೇನು ಸೆಟ್ಟಿಂಗ್ ಇದೆ” ಎಂದು ಕೇಳಿತಂತೆ. ಅದೂ ಬಂತು. ಅಂದರೆ ಈ ಪುಣ್ಯಾತ್ಮ ಕಂಪ್ಯೂಟರು ಬಂದ ಕೂಡಲೇ ತನ್ನ ಉಪದೇಶ ಶುರು ಮಾಡುವುದಿಲ್ಲ. ಮೊದಲು ಎದುರಿನವರ ಪರಿಸ್ಥಿತಿ ಕೇಳಿಕೊಳ್ಳುತ್ತದೆ! ನಮ್ಮ ಎಷ್ಟು ಜನ ನೆಂಟರಿಗೆ ಈ ಕೇಬಲ್ ಹಚ್ಚಬಹುದು?

“ನೋಡ್ರಿ, ಎಲ್ಲಾ ದನಿ ಒಂದ ಸಮ ಏರಿಸಿ ಬಿಟ್ಟಾರ” ಅಂದಳು ರೇಣುಕಾ. “ಗದ್ದಲಾನೂ ಜೋರು, ಮಾತೂ ಜೋರು. ಹಿಂಗಿದ್ರ ಯಾರರ ಹಾಕ್ಕೋತಾರೇನು?”

ಅವಳು ಏನೋ ಬದಲಿಸಿ ದೊಡ್ಡವ್ವನ ಕಡೆ ತಿರುಗಿದಳು. “ಆಯೀ, ಈಗ ಹೆಂಗ ಕೇಳಸ್ತೈತ್ರಿ?”

“ಈಗ ಅಡ್ಡಿಯಿಲ್ಲ ಅನಸ್ತೈತ್ರಿ” ಎಂದದ್ದು ನಾನು.

“ಮನ್ಯಾಗಾದ್ರ ಎಡಗಿವಿ ಸ್ವಲ್ಪ ಚಲೋ ಐತ್ರಿ” ಎಂದದ್ದು ಮಹಾದೇವಿ.

“ಹೂಂ, ಚಲೋ ಐತವ್ವಾ” ಎಂದು ದೊಡ್ಡವ್ವ ನಮ್ಮಿಬ್ಬರ ಮುಖ ನೋಡಿ ಮುಗಿಸಿದಳು.

ರೇಣುಕಾ ಮೌಸ್ ಬಿಟ್ಟು ಕೈಕಟ್ಟಿ ಕೂತಳು. “ಅಕ್ಕಾರ, ಮಷಿನ್ ಯಾರ ಕಿವ್ಯಾಗೈತಿ?”

ಅವಳು ಪರದೆ ತೋರಿಸಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಈ ಕಂಪ್ಯೂಟರ್ ಮಷಿನ್ನಿಗಿ ಒಂದ್ ಮಾತ್ ಕಳಿಸಿದ ಮ್ಯಾಲೆ, ಮುಟ್ಟಿತೇನು ಅಂತ ಅಷ್ಟ ಕೇಳಂಗಿಲ್ರಿ. ಏನ್ ಮುಟ್ಟೈತಿ ವಾಪಸ್ ಹೇಳು ಅಂತೈತಿ. ತಾ ಕಳಿಸಿದ್ದೂ ಅದು ಹೇಳಿದ್ದೂ ಒಂದ ಆಗಿದ್ರ ಮಾತ್ರ ಮುಂದಕ್ಕ ಹೋಗ್ತೈತಿ. ನಾವೂ ಹಂಗ ಮಾಡೂಣು.”

ಅವಳು ಎದ್ದು ದೊಡ್ಡವ್ವನ ಬೆನ್ನ ಹಿಂದೆ ನಿಂತಳು. ಇನ್ನು ನೋಡಲು ಮುಖವಿಲ್ಲ, ತುಟಿಯಿಲ್ಲ. “ಆಯೀ, ನಾ ಹೇಳಿದ್ದು ನೀವ್ ತಿರುಗಿ ಹೇಳ್ರಿ” ಎಂದು ಜೋರಾಗಿ ಹೇಳಿ ಒಪ್ಪಿಸಿ, ಆಮೇಲೆ ಸಹಜ ದನಿಯಲ್ಲಿ ಅಂದಳು: “ಮುಂಜಾನಿ ಜೋಳದ ರೊಟ್ಟಿ ಬಡದೇವಿ.”

ದೊಡ್ಡವ್ವ ಹೂಂ ಎಂದಳು.

“ಹೂಂ ಬ್ಯಾಡ್ರಿ. ತಿರುಗಿ ಹೇಳ್ರಿ.”

ದೊಡ್ಡವ್ವ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅವಳು ಮಹಾದೇವಿಯ ಕಡೆ ನೋಡಿದಳು. ಮಹಾದೇವಿ ತಲೆ ತಗ್ಗಿಸಿದಳು. ಕೊನೆಗೆ ದೊಡ್ಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಏನೂ ತಿಳೀಲಿಲ್ಲವ್ವಾ” ಎಂದಳು.

ಅವಳ ಬಾಯಿಂದ ಆ ಮಾತನ್ನು ನಾವು ಮೊದಲ ಸಲ ಕೇಳಿದ್ದು. ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂತು, ಮುಚ್ಚಿಡುವುದೇನಿದೆ?

“ಮತ್ತ ಯಾಕ ಹೂಂ ಅಂತಿದ್ದೆ ದೊಡ್ಡವ್ವ?” ಎಂದು ಅವಳ ಮುಂದೆ ಕೂತು ಕೇಳಿದೆ.

“ಎಷ್ಟ್ ಸಲ ಏನಂದಿ ಏನಂದಿ ಅನ್ಲಿ? ಒಂದ್ ಸಲ ಹೇಳ್ತೀರಿ. ಎಲ್ಡನೇ ಸಲಕ್ಕ ಮಾರಿ ಗಂಟ ಹಾಕ್ತೀರಿ. ಮೂರನೇ ಸಲಕ್ಕ ಬಿಡು ಏನಿಲ್ಲ ಅಂತೀರಿ. ನಾ ಹೂಂ ಅಂದ್ರ ನಿಮಗೂ ಆರಾಮ, ನನಗೂ ಆರಾಮ.” ಆಮೇಲೆ ರೇಣುಕಾಳ ಕೈ ಹಿಡಿದಳು. “ಎಲ್ಲಾ ಕೇಳಸೂದು ಬ್ಯಾಡ ತಂಗಿ. ಎದರಿಗಿ ಕುಂತಾರು ಪದ ಮುಗಿಸಿದ್ದು ಕೇಳಿದ್ರ ಸಾಕು. ನಾ ಎಲ್ಲಿ ಎತಗೋಬೇಕು ಗೊತ್ತಾದ್ರ ಸಾಕು.”

ರೇಣುಕಾ ಕುರ್ಚಿ ಎಳೆದುಕೊಂಡು ಕೂತಳು. “ಹಂಗಾರ ಹಾಡ್ರಿ. ಮಹಾದೇವಕ್ಕಾರ, ನೀವ್ ಆ ಕಡೀ ಸಾಲು.”

ಓದುಗ ಮಹಾಶಯರೇ, ಆ ಕ್ಲಿನಿಕ್ಕಿನಲ್ಲಿ ನಡೆದ ಕಛೇರಿಯನ್ನು ನೀವು ನೋಡಬೇಕಿತ್ತು. ಮಹಾದೇವಿ ನಾಚಿಕೊಂಡು ಒಂದು ನುಡಿ ಹಾಡುವಳು. ದೊಡ್ಡವ್ವ ಅದನ್ನೇ ತಿರುಗಿ ಹಾಡುವಳು. ಎಲ್ಲಿ ತಪ್ಪಿತು ಎಂದು ನೋಡಿ ರೇಣುಕಾ ಒಂದು ಗೆರೆ ಮೇಲೆ ಸರಿಸುವಳು, ಒಂದು ಕೆಳಗೆ. ಕಂಪ್ಯೂಟರ್ ಅದನ್ನು ಮಷಿನ್ನಿಗೆ ಹೇಳುವುದು. ಮಷಿನ್ ಕಂಪ್ಯೂಟರಿಗೆ ತಿರುಗಿ ಒಪ್ಪಿಸುವುದು. ಮತ್ತೆ ಮಹಾದೇವಿ, ಮತ್ತೆ ದೊಡ್ಡವ್ವ. ನುಡಿಯ ಕೊನೆಗೆ ದನಿ ಇಳಿಯುತ್ತದಲ್ಲ, ಅಲ್ಲೇ ಅವಳಿಗೆ ಕೇಳಿಸುತ್ತಿರಲಿಲ್ಲ. ರೇಣುಕಾ ಆ ಇಳಿದನಿಯನ್ನು ಎತ್ತಿ, ಗದ್ದಲವನ್ನು ತಗ್ಗಿಸಿದಳು. ಹೊರಗೆ ಕಾಯುತ್ತಿದ್ದ ಪೇಷಂಟುಗಳು ಬಾಗಿಲಲ್ಲಿ ಇಣುಕಿದರು. ಒಬ್ಬಾಕೆ ಒಳಗೆ ಬಂದು ಮಹಾದೇವಿಯ ಸಾಲಿಗೆ ಸೇರಿಕೊಂಡೇಬಿಟ್ಟಳು.

ನಾನು ಆ ಬೂದುಬಣ್ಣದ ಕೇಬಲ್ಲನ್ನೇ ನೋಡುತ್ತಾ ಕೂತಿದ್ದೆ. ನನಗೆ ಸಾಮಾನ್ಯವಾಗಿ ಮಷಿನ್ನುಗಳ ಮೇಲೆ ಪ್ರೀತಿ ಹುಟ್ಟುವುದಿಲ್ಲ. (ಮಿಕ್ಸರ್ ಕೂಡ ನನ್ನ ಕಂಡರೆ ಸುಟ್ಟುಹೋಗುತ್ತದೆ.) ಆದರೆ ಇದರ ಮೇಲೆ ಹುಟ್ಟಿತು. ನಡುನಡುವೆ ರೇಣುಕಾಳನ್ನು ಕೇಳಿ ತಿಳಿದುಕೊಂಡೆ. ಇದರಲ್ಲಿ ಹೋಗಲು ಒಂದು ತಂತಿ, ಬರಲು ಇನ್ನೊಂದು. ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ. ಅವಸರದಲ್ಲಿ ಬಾಯಿಗೆ ಬಾಯಿ ಜೋಡಿಸಿಬಿಟ್ಟರೆ? ಇಬ್ಬರೂ ದಿನವಿಡೀ ಮಾತಾಡುತ್ತಾರೆ, ಒಬ್ಬರಿಗೂ ಒಂದಕ್ಷರ ತಲುಪುವುದಿಲ್ಲ. ಟಿವಿಯ ಚರ್ಚೆಗಳಲ್ಲಿ ಯಾವ ತಂತಿ ಎಲ್ಲಿಗೆ ಹಚ್ಚಿದ್ದಾರೆ ಎಂದು ನನಗೆ ಅವತ್ತು ತಿಳಿಯಿತು.

ಇನ್ನೊಂದು. ಮಾತು ಶುರುವಾಗುವ ಮೊದಲೇ ಇಬ್ಬರೂ ಒಂದು ವೇಗಕ್ಕೆ ಒಪ್ಪಿಕೊಂಡಿರಬೇಕು. ಒಬ್ಬ ಓಡಿ, ಇನ್ನೊಬ್ಬ ನಡೆದರೆ ಬರೀ ಕಸ ತಲುಪುತ್ತದೆ. ಮತ್ತೆ ಎಲ್ಲವೂ ಪಾಳಿಯಲ್ಲಿ, ಒಂದರ ಹಿಂದೆ ಒಂದು; ಸೀರಿಯಲ್ ಎಂದರೆ ಅದೇ ಅಂತೆ. ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಟವೆಲ್ ಎಸೆಯುವ ನಮ್ಮಂಥವರಿಗೆ ಇದು ಪವಾಡದ ಹಾಗೇ ಕಂಡೀತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ. ನಡುವೆ ಏನಾದರೂ ಕೆಟ್ಟು ಮಾತು ಅರ್ಧಂಬರ್ಧ ತಲುಪಿದರೆ ಈ ಕಡೆಯದು “ಇನ್ನೊಮ್ಮೆ ಹೇಳು” ಎನ್ನುತ್ತದೆ. ಆ ಕಡೆಯದು ಇನ್ನೊಮ್ಮೆ ಹೇಳುತ್ತದೆ. ಕೇಳುವುದಕ್ಕೆ ಇದಕ್ಕೆ ನಾಚಿಕೆ ಇಲ್ಲ, ಹೇಳುವುದಕ್ಕೆ ಅದಕ್ಕೆ ಬೇಸರ ಇಲ್ಲ. “ಬಿಡು, ಏನಿಲ್ಲ” ಎಂಬ ಮಾತು ಆ ಕೇಬಲ್ಲಿಗೆ ಗೊತ್ತೇ ಇಲ್ಲ. ಅದನ್ನು ಮಾಡಿದವನು ಯಾರೋ, ಅವನ ಮನೆಯಲ್ಲೂ ಒಬ್ಬ ದೊಡ್ಡವ್ವ ಇದ್ದಳೋ ಏನೋ.

ಹೊರಡುವಾಗ ರೇಣುಕಾ ಮತ್ತೆ ಬೆನ್ನ ಹಿಂದೆ ನಿಂತು ಏನೋ ಅಂದಳು. ದೊಡ್ಡವ್ವ ತಿರುಗಿ ಕೂಡ ನೋಡಲಿಲ್ಲ. “ಜೋಳದ ರೊಟ್ಟಿ ಬಡದೀರಿ, ತಿಳೀತವ್ವಾ. ಪಲ್ಲೆ ಏನ್ ಮಾಡೀದಿ ಅದನ್ನ ಹೇಳು” ಅಂದಳು. ರೇಣುಕಾ ಬಿದ್ದು ಬಿದ್ದು ನಕ್ಕಳು.

ಮದುವೆಯ ಮನೆ ಸಾಲೋಟಗಿಯಲ್ಲಿ. ಅರಿಶಿಣದ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಎರಡು ಸಾಲು ಕೂತವು. ಮಕ್ಕಳ ಕಿರುಚಾಟ, ಅಡುಗೆಯವರ ಪಾತ್ರೆಯ ಸದ್ದು, ಹೊರಗೆ ಪೆಂಡಾಲಿನವರ ಸುತ್ತಿಗೆ. ದೊಡ್ಡವ್ವ ತನ್ನ ಸಾಲಿನ ನಟ್ಟನಡುವೆ, ಕಿವಿಯ ಹಿಂದೆ ಸೆರಗು ಸರಿಸಿ ಕೂತಿದ್ದಳು. ಎದುರಿನ ಸಾಲು ಮೊದಲ ನುಡಿ ಶುರು ಮಾಡಿತು. ಮಹಾದೇವಿ ನನ್ನ ಮೊಣಕೈ ಹಿಸುಕುತ್ತಿದ್ದಳು.

ನುಡಿ ಮುಗಿಯಿತು. ಕೊನೆಯ ದನಿ ಇಳಿಯಿತು. ದೊಡ್ಡವ್ವ ಅದು ಪೂರ್ತಿ ನಿಲ್ಲುವವರೆಗೆ ಕಾದಳು.

ಆಮೇಲೆ ಎತ್ತಿಕೊಂಡಳು.

ಆ ದನಿಯನ್ನು ನಾನು ಬರೆದು ತೋರಿಸಲಾರೆ. ಮಹಾದೇವಿ ಅತ್ತಳು, ಮದುಮಗಳು ಅತ್ತಳು, ಅರಿಶಿಣ ಹಚ್ಚುತ್ತಿದ್ದ ಮುತ್ತೈದೆಯ ಕೈ ನಿಂತಿತು. ನಾನು ಮೊಬೈಲ್ ತೆಗೆದು ವಿಡಿಯೋ ಮಾಡಿದೆ. ಬಳಗದ ಗ್ರೂಪಿಗೆ ಹಾಕಿದೆ. ಸಿಂದಗಿಯಿಂದ ಹಾರ್ಟು ಬಂತು, ಇಂಡಿಯಿಂದ ಚಪ್ಪಾಳೆ ಬಂತು, ಎಲ್ಲರಿಗೂ ಉತ್ತರ ಬರೆದೆ. ಪದ ಮುಂದೆ ಸಾಗಿತ್ತು.

ಊಟಕ್ಕೆ ಕೂತಾಗ ಅವಳ ಪಕ್ಕದಲ್ಲಿ ಜಾಗ ಹಿಡಿದೆ. “ಹೆಂಗ ಕೇಳಿಸ್ತು ದೊಡ್ಡವ್ವ?” ಎಂದು ಕೇಳಿದೆ, ಹೆಮ್ಮೆಯಿಂದ.

“ಎದರಿನ ಸಾಲಿನ್ಯಾಗ ತುದೀಗಿ ಕುಂತಾಕಿ ಹಾಡೇ ಇಲ್ಲ, ಬರೇ ಬಾಯಿ ಆಡಿಸ್ಯಾಳ. ಆಕೀ ಬಾಜೂಕಿನಾಕಿ ಪದದ ನಡಕ ಸೊಸೀ ಮ್ಯಾಲ ಚಾಡಿ ಹೇಳಾಕತ್ತಿದ್ಳು. ಎಲ್ಲಾ ಕೇಳೇತಿ.” ರೊಟ್ಟಿ ಮುರಿಯುತ್ತಾ ನನ್ನ ಕಡೆ ತಿರುಗಿದಳು. “ನೀನೂ ಅಲ್ಲೇ ಕುಂತಿದ್ದೆಲ್ಲ. ಕಡೀ ಪದದಾಗ ಮದುಮಗಳಿಗಿ ನಾ ಏನ್ ಹೇಳೇನಿ? ತಿರುಗಿ ಹೇಳು ನೋಡೂಣು.”

ನಾನು ಮೊಬೈಲ್ ಕೆಳಗಿಟ್ಟು ಬಾಯಿ ತೆರೆದೆ. ಹೊರಬಿದ್ದದ್ದು ಒಂದೇ ಒಂದು ಹೂಂ.