ಕಾಕಾರ ಉಸಿರಿಗೆ ಶುರುವಾಗುತ್ತಿದ್ದ ನಮ್ಮ ಸಿಂಫನಿ

ನಂಬಲಾಗುತ್ತಿಲ್ಲ...
ನಿನ್ನೆ ಸಂಜೆ ನಮ್ಮ ಆರ್ಕೆಸ್ಟ್ರಾ ಗ್ರೂಪಿಗೆ ಕಾಕಾ ಹಾಕಿದ ಮೆಸೇಜ್ ಇನ್ನೂ ಹಾಗೇ ಇದೆ.

"ಎಲ್ಲಾರೂ ಅಂಗಿ ಇಸ್ತ್ರಿ ಮಾಡ್ಕೊಂಡ ಬರ್ರಿ. ಸವದತ್ತಿ ಮಂದಿ ಮುಂದ ನಮ್ಮ ಮರ್ಯಾದಿ ಪ್ರಶ್ನಿ."

ಇವತ್ತು ನಸುಕಿನಲ್ಲಿ ಅವರ ಮಗ ರಫೀಕನ ಫೋನ್.
"ಅಕ್ಕಾರ... ಅಬ್ಬಾ ತೀರಿಕೊಂಡ್ರು. ಎದಿ ಹಿಡಕೊಂಡು ಕುಂತವರು ಏಳಲೇ ಇಲ್ರಿ."

ಏನ್ ಮಾತಾಡ್ತಿ ಬುದ್ಧಿ ಐತೇನು ಅಂತ ಆ ಹುಡುಗನಿಗೇ ಬೈದುಬಿಟ್ಟೆ. ಪಾಪ... ಅವನು ಸುಮ್ಮನೆ ಅಳುತ್ತಿದ್ದ.

ಮೌಲಾಸಾಬ್ ಕಾಕಾ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮದುವೆ ಬ್ಯಾಂಡಿನಲ್ಲಿ ಊದುತ್ತಾ ಬೆಳೆದ ಮನುಷ್ಯ, ಬೈಲಹೊಂಗಲದಲ್ಲಿ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು.
ಹೌದು, ನಮ್ಮ ಬೈಲಹೊಂಗಲದಲ್ಲೇ!
ಕಿತ್ತೂರಿನ ಲಾರಿ ಡ್ರೈವರ್ ಶಿವಪ್ಪ ಟ್ರಂಪೆಟ್, ತೊರಗಲ್ಲಿನ ಬ್ಯಾಂಡಿನ ಬಸಪ್ಪಣ್ಣ ಕ್ಲಾರಿನೆಟ್, ಶಾಲೆಯಲ್ಲಿ ಗಣಿತ ಕಲಿಸುವ ನಾನು ವಯಲಿನ್... ಹೀಗೆ ಸಿಕ್ಕಸಿಕ್ಕವರನ್ನೆಲ್ಲ ಹಿಡಿದು ತಂದು ಕೂರಿಸಿದರು.

ಮೊದಲ ಕಾರ್ಯಕ್ರಮ ಚಚಡಿಯಲ್ಲಿ.
ಆರ್ಕೆಸ್ಟ್ರಾ ಅಂದರೆ ಸಿನಿಮಾ ಹಾಡು ಅಂದುಕೊಂಡು ಜನ ಸೇರಿದ್ದರು. ನಾವು ವೆಸ್ಟರ್ನ್ ಕ್ಲಾಸಿಕಲ್ ಶುರು ಮಾಡುವ ಮೊದಲೇ ಒಬ್ಬ ಎದ್ದು ನಿಂತ.
"ಏ ಯಜಮಾನ್ರ, ಡ್ಯಾನ್ಸಿನವರು ಎಲ್ಲಿ ಅದಾರ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.
ಕಾಕಾ ನಕ್ಕರು. ಅವನನ್ನು ಸ್ಟೇಜಿಗೆ ಕರೆದು, ನಮ್ಮೆಲ್ಲರ ನಟ್ಟನಡುವೆ ಒಂದು ಕುರ್ಚಿ ಹಾಕಿಸಿದರು.
"ಡ್ಯಾನ್ಸ್ ಇಲ್ಲಪಾ ತಮ್ಮಾ. ಇಲ್ಲೆ ಕುಂತು ಕೇಳು. ಬ್ಯಾಸರಾದ್ರ ಎದ್ದು ಹೋಗು, ಯಾರೂ ಏನೂ ಅನ್ನೂದಿಲ್ಲ."

ಅವನು ಏಳಲಿಲ್ಲ. ಕೊನೆಗೆ ಮೈಕ್ ಕೊಟ್ಟಾಗ ಹೇಳಿದ, "ಬಾರಸೂಕಿಂತ ಮೊದಲ ನೀವೆಲ್ಲಾ ಕೂಡೇ ಉಸುರ ತಗೋತೀರಲ್ರಿ... ಅದ ನನಗ ಬಾಳ ಸೇರಿತು."

ಅವತ್ತಿನಿಂದ ಪ್ರತಿ ಕಾರ್ಯಕ್ರಮದಲ್ಲೂ ನಡುವೆ ಒಂದು ಕುರ್ಚಿ. ಕೇಳಲು ಬಂದವರಲ್ಲಿ ಯಾರಾದರೂ ಒಬ್ಬರಿಗೆ.

ಆ ಉಸಿರಿನ ವಿಷಯ ಹೇಳಲೇಬೇಕು.
ಬ್ಯಾಂಡಿನವರಿಗೆ ಮುಂದೆ ನಿಂತು ನಡೆಸುವವರ ಕೈಯ ಕೋಲು ನೋಡಿ ಬಾರಿಸುವ ರೂಢಿ ಇಲ್ಲ. ಮೆರವಣಿಗೆಯಲ್ಲಿ ನಡೆಯುತ್ತಾ ಯಾರು ಯಾರ ಕೈ ನೋಡುತ್ತಾರೆ?
ಅದಕ್ಕೇ ಕಾಕಾ ಕೈ ಎತ್ತಿ, ಮೂಗಿನಿಂದ ಸೊರ್ರ್ ಅಂತ ದೊಡ್ಡದಾಗಿ ಉಸಿರು ಎಳೆಯುತ್ತಿದ್ದರು. ಅದರ ಜೊತೆ ನಾವೂ ಎಳೆಯುತ್ತಿದ್ದೆವು. ಆ ಉಸಿರು ಮುಗಿದಲ್ಲಿ ನಮ್ಮ ಮೊದಲ ಸ್ವರ.
ದೊಡ್ಡ ಊರಿನವರು ನೋಡಿದರೆ ನಗಬಹುದು... ನಗಲಿ ಬಿಡಿ.

ಕಾಕಾ, ಹಿಂಗ್ಯಾಕ ಮಾಡಿದ್ರಿ?
ನಾಳೆ ಸವದತ್ತಿ ಕಾರ್ಯಕ್ರಮ ಐತಿ ಅನ್ನೂದ ಮರತ ಬಿಟ್ರೇನು?
ಹೋದ ವಾರ ಎಲ್ಲಾರ ಮುಂದ ಅಂದ್ರಿ, "ನಾ ಇಲ್ಲದಾಗ ಅಕ್ಕಾರ ಮುಂದ ನಿಂದರತಾರ" ಅಂತ. ಚಾಷ್ಟಿ ಮಾಡಾಕ ಹತ್ತೀರಿ ಅಂತ ನಾನೂ ನಕ್ಕೆ...
ಈಗ ನೋಡ್ರಿ, ನನ್ನ ಉಸುರಿಗೆ ಯಾರು ಬಾರಸ್ತಾರ ಕಾಕಾ?

ಮಧ್ಯಾಹ್ನ ಅವರ ಮನೆಗೆ ಹೋಗಿ ಮುಖ ನೋಡಿ ಬಂದೆ.
ಕಾರ್ಯಕ್ರಮ ಕ್ಯಾನ್ಸಲ್ ಮಾಡುತ್ತೇವೆ ಅಂತ ಹೇಳುವುದಕ್ಕೇ ಹೋಗಿದ್ದು. ಕಾಕಾರ ಹೆಂಡತಿ, ನಮ್ಮ ಚಾಚಿ, ನನ್ನ ಕೈ ಹಿಡಿದುಕೊಂಡರು.
"ನಿಲ್ಲಸಬ್ಯಾಡ್ರಿ ಅಕ್ಕಾರ. ನಾಳಿಗೆ ಅಂತ ಅವರ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದೆ... ಹಂಗ ಐತಿ ನೋಡ್ರಿ."
ಆ ಅಂಗಿ ನೋಡಿ ಎದ್ದು ಬಂದೆ.

ಮದುವೆ ಸೀಸನ್ ಶುರುವಾದರೆ ಬ್ಯಾಂಡಿನವರೆಲ್ಲ ಒಂದೊಂದು ಊರು. ನಾಳೆ ಕಾರ್ಯಕ್ರಮ ನಿಂತರೆ ಈ ಆರ್ಕೆಸ್ಟ್ರಾ ಮತ್ತೆ ಏಳುವುದಿಲ್ಲ... ನನ್ನ ಭಯ ಅದೇ.

ಸಂಜೆ ಪ್ರಾಕ್ಟೀಸ್ ಮಾಡುವ ಗೋದಾಮಿಗೆ ಹೋದೆ. ಯಾರೂ ಯಾರನ್ನೂ ಕರೆದಿರಲಿಲ್ಲ. ಎಲ್ಲರೂ ಬಂದಿದ್ದರು. ಮಣ್ಣು ಕೊಟ್ಟು ನೇರ ಅಲ್ಲಿಗೇ ಬಂದವರು.

ಶಿವಪ್ಪ ಮೊಬೈಲ್ ತೆಗೆದ.
"ಹಳೇ ವಿಡಿಯೋದಾಗ ಕಾಕಾರ ಉಸುರ ಐತ್ರಿ. ಸ್ಪೀಕರಿಗೆ ಹಚ್ಚೂಣು. ಅದಕ್ಕ ಶುರು ಮಾಡೂಣು."

ಹಚ್ಚಿದ.
ಸೊರ್ರ್...
ಯಾರ ಕೈಯೂ ಏಳಲಿಲ್ಲ. ಶಿವಪ್ಪ ಟ್ರಂಪೆಟ್ ತೊಡೆಯ ಮೇಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತ. ಸ್ಪೀಕರ್ ನಾನೇ ಬಂದ್ ಮಾಡಿದೆ.

ಆಮೇಲೆ ಹೋಗಿ ಮುಂದೆ ನಿಂತೆ. ಕೈ ಎತ್ತಿದೆ.
ಯಾರೂ ಶುರು ಮಾಡಲಿಲ್ಲ.
ಇನ್ನೊಮ್ಮೆ ಎತ್ತಿದೆ. ಇಲ್ಲ...
ಆಗಲಿಲ್ಲ, ಮುಗಿಯಿತು ಅಂದುಕೊಂಡೆ.

ಬಸಪ್ಪಣ್ಣ ಕ್ಲಾರಿನೆಟ್ ಬಾಯಿಂದ ತೆಗೆದು ಮೆತ್ತಗೆ ಹೇಳಿದ:
"ಅಕ್ಕಾರ, ನೀವು ಉಸುರ ಹಿಡದ ನಿಂತೀರಿ. ಬಿಡ್ರಿ ಮೊದಲ. ಆಮ್ಯಾಲ ತಗೋರಿ. ನಾವು ಬರತೇವಿ."

ಬಿಟ್ಟೆ.
ಎಳೆದುಕೊಂಡೆ... ನಾಚಿಕೆ ಬಿಟ್ಟು, ಕಾಕಾರ ಹಾಗೇ ದೊಡ್ಡದಾಗಿ.
ಗೋದಾಮಿನಲ್ಲಿ ಎಲ್ಲರೂ ಎಳೆದುಕೊಂಡದ್ದು ಕೇಳಿಸಿತು.
ಮೊದಲ ಸ್ವರ ಸ್ವಲ್ಪ ಹೆಚ್ಚುಕಮ್ಮಿ ಆಯಿತು. ಆದರೂ ಬಂದರು. ಎಲ್ಲರೂ ಬಂದರು.

ಗೆಳೆಯರೇ, ನಾಳೆ ಸಂಜೆ ಸವದತ್ತಿಗೆ ಬನ್ನಿ.
ಭಯ ಹೋಗಿಲ್ಲ.
ನಡುವಿನ ಕುರ್ಚಿಯ ಮೇಲೆ ಕಾಕಾರ ಫೋಟೋ ಇಟ್ಟು ಹಾರ ಹಾಕೋಣ ಅಂತ ಗ್ರೂಪಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಬೇಡ. ಅದು ಕೇಳಲು ಬಂದವರ ಕುರ್ಚಿ.
ನಿಮ್ಮಲ್ಲಿ ಯಾರಾದರೂ ಬಂದು ಕೂತುಕೊಳ್ಳಿ.
ನಾನು ಮತ್ತೆ ಉಸಿರು ಹಿಡಿದು ನಿಂತುಬಿಟ್ಟರೆ... ಮೆತ್ತಗೆ ಹೇಳಿ.

ತಣ್ಣಗ ಮಲಗ್ರಿ ಕಾಕಾ...
ನಿಮ್ಮ ಜೀವಕ್ಕ ನೆಮ್ಮದಿ ಸಿಗಲಿ.
ನಾಳಿ ನಾವು ಬಾರಸ್ತೇವಿ. 🙏